ನಾಲ್ಕು ನಕ್ಷತ್ರಗಳ ಔದಾರ್ಯ

ಬೆಂಗಳೂರಿನಿಂದ ಹೊರಟ ಕುಟುಂಬವೊಂದು ಒಂದು ಹಗಲು ಒಂದು ರಾತ್ರಿಯ ಪ್ರಯಾಣ ಮುಗಿಸಿ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಹೊರಗೆ ಉಬರ್ ಕಾರಿಗಾಗಿ ಕಾಯುತ್ತಿದೆ ಎಂದಿಟ್ಟುಕೊಳ್ಳಬಹುದು. ಗಂಡ, ಹೆಂಡತಿ, ನಿದ್ದೆಗಣ್ಣಿನ ಮಗು, ತಲಾ 23 ಕಿಲೋ ತೂಗುವ ನಾಲ್ಕು ಸೂಟ್‌ಕೇಸುಗಳು. ಅವುಗಳ ತುಂಬ ಚಟ್ನಿಪುಡಿ, ಹಪ್ಪಳ, ಸಾರಿನಪುಡಿ, ಒಂದಿಷ್ಟು ಹೊಸ ಪುಸ್ತಕ. ಚಾಲಕ ಕಾಬೂಲಿನಿಂದ ಬಂದವನು. ನಾಲ್ಕೂ ಸೂಟ್‌ಕೇಸುಗಳನ್ನು ಅವನೇ ಎತ್ತಿ ಡಿಕ್ಕಿಗೆ ಹಾಕುತ್ತಾನೆ, ಫ್ರೀಮಾಂಟಿನ ಮನೆಯೆದುರು ಅವನೇ ಇಳಿಸುತ್ತಾನೆ. ಹಿಂದಿನ ಸೀಟಿನವರು ದಾರಿಯಲ್ಲಿ ಅವನ ಕಾರಿನ ವಾಸನೆಯ ಬಗ್ಗೆ ಕನ್ನಡದಲ್ಲಿ ಆಡಿಕೊಂಡದ್ದು ಅವನಿಗೆ ತಿಳಿದಿಲ್ಲ. ಆಡಿಕೊಂಡ ಧಾಟಿ ಮಾತ್ರ ತಿಳಿದಿದೆ. ಮರುದಿನ ಬೆಳಗಿನ ಜಾವ ಮೂರಕ್ಕೇ ಎಚ್ಚರವಾದ ಗೃಹಸ್ಥನಿಗೆ ಫೋನು ಎರಡು ಪ್ರಶ್ನೆ ಕೇಳುತ್ತದೆ: ಎಷ್ಟು ನಕ್ಷತ್ರ? ಎಷ್ಟು ಟಿಪ್ಸ್? ಅವನು ನಾಲ್ಕು ನಕ್ಷತ್ರ ಒತ್ತಿ, ಎರಡನೆಯ ಪ್ರಶ್ನೆಯನ್ನು ಬೆರಳಿನಿಂದ ಆಚೆ ಸರಿಸುತ್ತಾನೆ. ಗೋಡೆಯ ಮೇಲೆ ಅಂಬೇಡ್ಕರ್ ಭಾವಚಿತ್ರವಿದೆ. ಮನಸ್ಸಾಕ್ಷಿಗೆ ಯಾವ ತೊಂದರೆಯೂ ಆಗಿಲ್ಲ.

ಅಮೆರಿಕದ ಕನ್ನಡಿಗರಲ್ಲಿ ಈ ವಿಷಯ ಚರ್ಚೆಯಾಗುವುದೇ ಶಿಷ್ಟಾಚಾರದ ಪ್ರಶ್ನೆಯಾಗಿ. ಎಷ್ಟು ಕೊಡುವುದು ವಾಡಿಕೆ, ಕೊಡದಿದ್ದರೆ ಅಸಭ್ಯವೇ, ಮಾತಾಡದ ಚಾಲಕನಿಗೆ ಐದು ಕೊಡಬೇಕೇ ಎಂಬಂಥ ಮಾತುಗಳು ಕನ್ನಡ ಕೂಟದ ಊಟದ ಸಾಲಿನಲ್ಲಿ ಬಿಸಿಬೇಳೆಭಾತಿನ ಜೊತೆಗೇ ಮುಗಿದುಹೋಗುತ್ತವೆ. ಕೂಲಿಯ ಪ್ರಶ್ನೆಯನ್ನು ನಡವಳಿಕೆಯ ಪ್ರಶ್ನೆಯನ್ನಾಗಿ ಮಾಡಿಬಿಟ್ಟರೆ ಎಲ್ಲರಿಗೂ ಅನುಕೂಲ. ಕಾರು ಓಡಿಸಿದವನೊಬ್ಬನನ್ನು ಬಿಟ್ಟು.

ಮೊದಲು ಆ ನಾಲ್ಕು ನಕ್ಷತ್ರಗಳ ವಿಚಾರ. ಅದನ್ನು ಒತ್ತಿದವನು ಜಿಪುಣನಲ್ಲ, ಕರ್ನಾಟಕದ ಶಾಲೆಯಲ್ಲಿ ಓದಿದವನು. ಎಸ್ಸೆಸ್ಸೆಲ್ಸಿಯಲ್ಲಿ 60 ಬಂದರೆ ಫಸ್ಟ್ ಕ್ಲಾಸು, 85 ಬಂದರೆ ಡಿಸ್ಟಿಂಕ್ಷನ್ನು. ಹತ್ತಕ್ಕೆ ಹತ್ತು ದೇವರಿಗೆ, ಒಂಬತ್ತು ಮೇಷ್ಟ್ರಿಗೆ, ಉಳಿದದ್ದು ಹುಡುಗರಿಗೆ ಎಂದು ನಗುತ್ತಿದ್ದ ಕನ್ನಡ ಪಂಡಿತರ ಕೈಯಲ್ಲಿ ಪ್ರಬಂಧ ತಿದ್ದಿಸಿಕೊಂಡವನಿಗೆ ಐದಕ್ಕೆ ನಾಲ್ಕು ಎಂದರೆ ನೂರಕ್ಕೆ ಎಂಬತ್ತು. ಮೆಚ್ಚಿಯೇ ಕೊಟ್ಟ ಅಂಕ ಅದು. ಐದು ಎಂಬುದನ್ನು ಅವನು ಇನ್ನೂ ಹುಟ್ಟದ ಯಾವುದೋ ಚಾಲಕನಿಗಾಗಿ ಕಾದಿರಿಸಿದ್ದಾನೆ.

ಚಾಲಕನ ಲೋಕದ ಲೆಕ್ಕವೇ ಬೇರೆ. ಅಲ್ಲಿ ಐದು ಎಂದರೆ ಪಾಸು, ನಾಲ್ಕು ಎಂದರೆ ಫೇಲು. ಉಬರ್ ತನ್ನ ಚಾಲಕನನ್ನು ಅಳೆಯುವುದು ಅವನಿಗೆ ಸಿಕ್ಕ ಇತ್ತೀಚಿನ 500 ರೇಟಿಂಗುಗಳ ಸರಾಸರಿಯಿಂದ. ಯಾವ ಸರಾಸರಿಗಿಂತ ಕೆಳಗಿಳಿದರೆ ಖಾತೆ ಮುಚ್ಚಬಹುದು ಎಂಬುದು ಊರಿಂದ ಊರಿಗೆ ಬದಲಾಗುತ್ತದೆ. ಅಮೆರಿಕದ ಚಾಲಕರ ಬಾಯಲ್ಲಿ ಬಹುಕಾಲದಿಂದ ಇರುವ ಸಂಖ್ಯೆ 4.6. ನೂರು ಪ್ರಯಾಣಿಕರಲ್ಲಿ ಅರವತ್ತು ಮಂದಿ ಐದು ಕೊಟ್ಟು, ನಲವತ್ತು ಮಂದಿ ‘ಮೆಚ್ಚಿ’ ನಾಲ್ಕು ಕೊಟ್ಟರೆ ಸರಾಸರಿ ಸರಿಯಾಗಿ 4.6. ನಲವತ್ತೊಂದನೆಯ ಮೆಚ್ಚುಗೆ ಬಂದರೆ ಆ ಮನುಷ್ಯ ಗೆರೆಯ ಕೆಳಗೆ. ಯಾರೂ ಅವನನ್ನು ಕೆಟ್ಟ ಚಾಲಕ ಎಂದಿಲ್ಲ. ಎಲ್ಲರೂ ಒಳ್ಳೆಯವನು ಎಂದೇ ಹೇಳಿದ್ದಾರೆ. ಹಾಗೆ ಹೇಳಿಯೇ ಅವನ ಕೆಲಸ ಕಳೆದಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕಾರು ಹತ್ತುವ ಹೆಣ್ಣುಮಗಳಿಗೆ ಆ ನಕ್ಷತ್ರವಲ್ಲದೆ ಬೇರೆ ಯಾವ ಆಯುಧವಿದೆ? ಕಣ್ಣು ಮುಚ್ಚಿ ಎಲ್ಲರಿಗೂ ಐದು ಕೊಡಿ ಎನ್ನುವುದು ಅವಳ ಕೈ ಕಟ್ಟಿದಂತಲ್ಲವೇ? ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಬೇಕು. ಹತ್ತು ಪ್ರಯಾಣಿಕರಲ್ಲಿ ಒಂಬತ್ತು ಮಂದಿ ಐದು ಕೊಟ್ಟು, ಕಿರುಕುಳಕ್ಕೊಳಗಾದ ಒಬ್ಬಳು ಒಂದೇ ಒಂದು ನಕ್ಷತ್ರ ಕೊಟ್ಟರೂ ಸರಾಸರಿ ಅದೇ 4.6. ಅಂದರೆ ಹತ್ತರಲ್ಲಿ ಒಬ್ಬ ಪ್ರಯಾಣಿಕಳನ್ನು ಪೀಡಿಸುವವನೂ, ಹತ್ತರಲ್ಲಿ ನಾಲ್ವರಿಗೆ ಏಸಿ ಸಾಲದೆನಿಸಿದ ಬಡಪಾಯಿಯೂ ಈ ತಕ್ಕಡಿಯಲ್ಲಿ ಸಮ. ಆ ಹೆಣ್ಣುಮಗಳ ಅನುಭವ ಒಂದು ದಶಮಾಂಶವಾಗಿ ಕರಗಿಹೋಗುತ್ತದೆ. ಕುಡಿದು ಓಡಿಸಿದವನ, ಕೈ ಹಾಕಿದವನ, ಹೆದರಿಸಿದವನ ಮೇಲೆ ಬೇಕಾಗಿರುವುದು ದೂರು. ಹೆಸರು, ಹೊತ್ತು, ಸ್ಥಳ ಹೇಳಿ ಮಾತಿನಲ್ಲಿ ಕೊಟ್ಟ, ಕಂಪನಿ ಉತ್ತರಿಸಲೇಬೇಕಾದ ದೂರು. ಅಂಥ ದೂರನ್ನು ನಿಜವಾಗಿ ವಿಚಾರಿಸುವುದಕ್ಕೆ ಮನುಷ್ಯರು ಬೇಕು, ಮನುಷ್ಯರಿಗೆ ಸಂಬಳ ಕೊಡಬೇಕು. ನಕ್ಷತ್ರಕ್ಕೆ ಸಂಬಳವಿಲ್ಲ.

ಈ ವ್ಯವಸ್ಥೆಯ ತಿರುಳೇ ಅದು. ಟ್ಯಾಕ್ಸಿ ಕಂಪನಿಗೆ ಮೇಸ್ತ್ರಿಯಿರುತ್ತಿದ್ದ, ಅವನು ತಪ್ಪು ಮಾಡಿದರೆ ಅವನೊಡನೆ ಜಗಳವಾಡಬಹುದಿತ್ತು. ಆ್ಯಪಿನ ಕಂಪನಿ ಮೇಸ್ತ್ರಿಯ ಕೆಲಸವನ್ನು ಕೋಟಿಗಟ್ಟಲೆ ಪ್ರಯಾಣಿಕರಿಗೆ ಬಿಟ್ಟಿಯಾಗಿ ಹಂಚಿದೆ, ಅವರಲ್ಲಿ ಒಬ್ಬರೂ ತಾವು ಮೇಸ್ತ್ರಿಯೆಂದು ತಿಳಿದಿಲ್ಲ. ಅಲೆಕ್ಸ್ ರೋಸೆನ್‌ಬ್ಲಾಟ್ ಮತ್ತು ಸಂಗಡಿಗರು 2016ರಲ್ಲೇ ಎತ್ತಿ ತೋರಿಸಿದ ಅಪಾಯ ಇಲ್ಲಿದೆ: ಬಣ್ಣ, ಜನಾಂಗ, ಉಚ್ಚಾರಣೆ ನೋಡಿ ಕೆಲಸದಿಂದ ತೆಗೆಯುವುದನ್ನು ಕಾನೂನು ಕಂಪನಿಗೆ ನಿಷೇಧಿಸಿದೆ, ಪ್ರಯಾಣಿಕನ ಬೆರಳಿಗೆ ನಿಷೇಧಿಸಿಲ್ಲ. ಮುಂಬಾಗಿಲಿನಿಂದ ಬರಲಾಗದ ತಾರತಮ್ಯ ನಕ್ಷತ್ರದ ಹಿತ್ತಿಲ ಬಾಗಿಲಿನಿಂದ ಬರುತ್ತದೆ. ಕಾರಿನಲ್ಲಿ ‘ವಾಸನೆ’ ಎಂದು ಮೂಗು ಮುರಿದವರು ತಮ್ಮ ಅಪಾರ್ಟ್‌ಮೆಂಟಿನಲ್ಲಿ ಒಗ್ಗರಣೆಯ ವಾಸನೆಗೆ ಅಕ್ಕಪಕ್ಕದವರು ದೂರು ಕೊಟ್ಟ ದಿನವನ್ನು ಒಮ್ಮೆ ನೆನೆದರೆ ಸಾಕು.

ಅದಿರಲಿ, ರೇಟಿಂಗ್ ಎಂದರೇನು ಎಂಬುದು ಬೇರೆ ಯಾರಿಗಾದರೂ ತಿಳಿಯದಿರಬಹುದು, ಸಿಲಿಕಾನ್ ಕಣಿವೆಯ ಕನ್ನಡಿಗನಿಗೆ ತಿಳಿಯದೆಂದರೆ ನಂಬುವುದು ಕಷ್ಟ. ವರ್ಷಕ್ಕೊಮ್ಮೆ ಮ್ಯಾನೇಜರನ ಎದುರು ಕೂತು ‘ನಿರೀಕ್ಷೆಗೆ ತಕ್ಕಂತಿದೆ’ ಎಂಬ ತಣ್ಣನೆಯ ಮಾತು ಕೇಳಿ ರಾತ್ರಿಯಿಡೀ ನಿದ್ದೆಗೆಟ್ಟವನು ಅವನು. ಎಚ್-1ಬಿ ವೀಸಾದವನಾದರೆ, ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನಗಳಲ್ಲಿ ಹೊಸ ದಾರಿ ಹುಡುಕಬೇಕೆಂಬುದನ್ನು ನಿದ್ದೆಯಲ್ಲೂ ಮರೆತವನಲ್ಲ. ಅವನಿಗಾದರೋ ವಾದಿಸಲು ಒಬ್ಬ ಮ್ಯಾನೇಜರನಿದ್ದಾನೆ. ಕಾರಿನ ಸಾಲದ ಕಂತು ಕಟ್ಟುತ್ತಿರುವ ಚಾಲಕನಿಗೆ ಒಂದು ಬೆಳಿಗ್ಗೆ ಆ್ಯಪು ತೆರೆಯದೇ ಹೋಗುತ್ತದೆ, ಅಷ್ಟೆ.

ಚಾಲಕರೂ ಪ್ರಯಾಣಿಕರಿಗೆ ರೇಟಿಂಗ್ ಕೊಡುತ್ತಾರಲ್ಲ, ಸಮವಾಯಿತಲ್ಲ ಎನ್ನುವವರಿದ್ದಾರೆ. ತಮ್ಮ 4.9ನ್ನು ಹೆಮ್ಮೆಯಿಂದ ತೋರಿಸುವವರೂ ಇದ್ದಾರೆ. ಪ್ರಯಾಣಿಕನ ಅಂಕ ತೀರ ಕುಸಿದರೆ ಅವನು ಬಸ್ಸು ಹಿಡಿಯಬೇಕಾದೀತು. ಚಾಲಕನ ಅಂಕ ಕುಸಿದರೆ ಮನೆ ಬಾಡಿಗೆ ನಿಲ್ಲುತ್ತದೆ. ಇದನ್ನು ಸಮ ಎನ್ನುವವರೊಡನೆ ವಾದ ಬೇಡ.

ಇನ್ನು ಟಿಪ್ಸ್. ಪ್ರಗತಿಪರರ ವಲಯದಲ್ಲಿ ಟಿಪ್ಸ್ ಕೊಡದಿರುವುದಕ್ಕೆ ಒಂದು ಘನವಾದ ಸಿದ್ಧಾಂತವೇ ಇದೆ. ಭಕ್ಷೀಸು ಊಳಿಗಮಾನ್ಯದ ಪಳೆಯುಳಿಕೆ. ದುಡಿದವನಿಗೆ ಸಿಗಬೇಕಾದದ್ದು ಕೂಲಿಯೇ ಹೊರತು ಒಡೆಯನ ಕೃಪೆಯಲ್ಲ. ಕಂಪನಿ ಕೊಡಬೇಕಾದದ್ದನ್ನು ಪ್ರಯಾಣಿಕ ಕೊಟ್ಟರೆ ಕಂಪನಿಗೆ ಸಹಾಯ ಮಾಡಿದಂತೆ. ಇಷ್ಟೂ ನಿಜ. ಅಮೆರಿಕದ ಇತಿಹಾಸವೂ ಇದನ್ನೇ ಹೇಳುತ್ತದೆ. ಅಂತರ್ಯುದ್ಧ ಮುಗಿದ ಮೇಲೆ ಜಾರ್ಜ್ ಪುಲ್‌ಮನ್ ತನ್ನ ರೈಲಿನ ಮಲಗುವ ಬೋಗಿಗಳಿಗೆ ಪೋರ್ಟರುಗಳಾಗಿ ಹುಡುಕಿ ಸೇರಿಸಿಕೊಂಡದ್ದು ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು. ಸಂಬಳ ಅತ್ಯಲ್ಪ, ಬದುಕು ನಡೆಯಬೇಕಾದದ್ದು ಪ್ರಯಾಣಿಕರ ಭಕ್ಷೀಸಿನಿಂದ. ಪ್ರಯಾಣಿಕರು ಎಲ್ಲ ಪೋರ್ಟರುಗಳನ್ನೂ ಒಡೆಯನ ಹೆಸರಿಡಿದು ‘ಜಾರ್ಜ್’ ಎಂದೇ ಕೂಗುತ್ತಿದ್ದರು, ಪೋರ್ಟರು ನಗಬೇಕಿತ್ತು. ಆ ನಗುವೇ ಅಂದಿನ ಐದು ನಕ್ಷತ್ರ. ಎ. ಫಿಲಿಪ್ ರಾಂಡಾಲ್ಫ್ ಮುಂದಾಳುತನದಲ್ಲಿ 1925ರಲ್ಲಿ ಹುಟ್ಟಿದ ಪೋರ್ಟರುಗಳ ಸಂಘ ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಪುಲ್‌ಮನ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಅವರು ಕೇಳಿದ್ದು ಕೃಪೆಯನ್ನಲ್ಲ, ಸಂಬಳವನ್ನು.

ಆದರೆ ಆ ಹನ್ನೆರಡು ವರ್ಷ ಪ್ರಯಾಣಿಕರೆಲ್ಲ ತತ್ವನಿಷ್ಠರಾಗಿ ಭಕ್ಷೀಸು ನಿಲ್ಲಿಸಿಬಿಟ್ಟಿದ್ದರೆ ಹಸಿದು ಮಲಗುತ್ತಿದ್ದವರು ಪೋರ್ಟರುಗಳ ಮಕ್ಕಳೇ ಹೊರತು ಪುಲ್‌ಮನ್ ಕಂಪನಿಯ ಪಾಲುದಾರರಲ್ಲ. ಸಿದ್ಧಾಂತದ ಮೊದಲರ್ಧ ಸರಿಯಿದ್ದ ಮಾತ್ರಕ್ಕೆ ಎರಡನೆಯರ್ಧ ಸರಿಯಾಗುವುದಿಲ್ಲ. ಕಂಪನಿಯ ಮೇಲಿನ ಸಿಟ್ಟನ್ನು ಚಾಲಕನ ಜೇಬಿನಿಂದ ವಸೂಲು ಮಾಡುವ ಈ ಹೋರಾಟದಲ್ಲಿ ಹೋರಾಟಗಾರನಿಗೆ ಪ್ರತಿ ಪ್ರಯಾಣಕ್ಕೂ ಐದಾರು ಡಾಲರ್ ಉಳಿತಾಯವಾಗುತ್ತದೆ. ಇಷ್ಟು ಲಾಭದಾಯಕವಾದ ತ್ಯಾಗ ಅಪರೂಪ.

ಇದೇ ತತ್ವನಿಷ್ಠ ರೆಸ್ಟೊರೆಂಟಿನಲ್ಲಿ ಗೊಣಗದೆ ನೂರಕ್ಕೆ ಇಪ್ಪತ್ತರಂತೆ ಟಿಪ್ಸ್ ಬರೆಯುತ್ತಾನೆ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಒಕ್ಕೂಟ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ 1991ರಿಂದಲೂ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ ಎಂಬ ಅರಿವಿನಿಂದ ಎಂದು ಭಾವಿಸಬೇಕಾಗಿಲ್ಲ. ಅಲ್ಲಿ ವೇಟರು ಎದುರಿಗಿದ್ದಾನೆ, ಪಕ್ಕದಲ್ಲಿ ಸಹೋದ್ಯೋಗಿ ಇದ್ದಾನೆ. ಕಾರಿನಲ್ಲಿ ಸಾಕ್ಷಿಯಿಲ್ಲ. ಫೋನು ಕೇಳುವ ಹೊತ್ತಿಗೆ ಚಾಲಕ ಇನ್ನೊಬ್ಬರನ್ನು ಹತ್ತಿಸಿಕೊಂಡು ಹೋಗಿರುತ್ತಾನೆ. ಉಬರ್ ತನ್ನ ಆ್ಯಪಿನಲ್ಲಿ ಟಿಪ್ಸ್ ಕೊಡಲು ಅವಕಾಶ ಮಾಡಿದ್ದೇ 2017ರ ಜೂನಿನಲ್ಲಿ. ಲಿಫ್ಟ್ ಅದಕ್ಕೂ ಎಷ್ಟೋ ಮೊದಲು ಮಾಡಿತ್ತು. ಆ ಬಳಿಕ 4 ಕೋಟಿಗೂ ಹೆಚ್ಚು ಪ್ರಯಾಣಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು: ಟಿಪ್ಸ್ ಸಿಕ್ಕದ್ದು ನೂರಕ್ಕೆ ಸುಮಾರು 16 ಪ್ರಯಾಣಗಳಲ್ಲಿ. ನೂರಕ್ಕೆ ಸುಮಾರು 60 ಮಂದಿ ಒಮ್ಮೆಯೂ ಕೊಡದವರು. ಪ್ರತಿ ಸಲವೂ ಕೊಡುವವರು ನೂರಕ್ಕೆ ಒಬ್ಬರು. ಅಮೆರಿಕದ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತು ಮಂದಿ ಊಳಿಗಮಾನ್ಯ ವಿರೋಧಿಗಳಾಗಿದ್ದರೆ ಈ ದೇಶದ ಚುನಾವಣೆಗಳ ಫಲಿತಾಂಶ ಬೇರೆಯೇ ಇರುತ್ತಿತ್ತು.

ಟಿಪ್ಸನ್ನೇ ಕಂಪನಿ ನುಂಗಿದರೆ? ಇದು ಬರೀ ಅನುಮಾನವಲ್ಲ, ನಡೆದದ್ದು. ಅಮೆಜಾನಿಗೆ ಸಾಮಾನು ತಲುಪಿಸುವ ಫ್ಲೆಕ್ಸ್ ಚಾಲಕರ ಟಿಪ್ಸನ್ನು ಅವರಿಗೆ ಕೊಡಬೇಕಾದ ಕೂಲಿಯಲ್ಲೇ ವಜಾ ಮಾಡಿಕೊಂಡ ಆರೋಪವನ್ನು ಇತ್ಯರ್ಥಗೊಳಿಸಲು ಆ ಕಂಪನಿ 2021ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಂತೆ 6.17 ಕೋಟಿ ಡಾಲರ್ ಕೊಡಬೇಕಾಯಿತು. ಇದರಿಂದ ಹೊರಡುವ ತೀರ್ಮಾನ ಕೊಡಬೇಡಿ ಎಂದಲ್ಲ, ಸಾಧ್ಯವಾದಾಗಲೆಲ್ಲ ನಗದಾಗಿ ಕೈಗೇ ಕೊಡಿ ಎಂದು. ಕ್ಯಾಲಿಫೋರ್ನಿಯಾದಲ್ಲಿ ಟ್ಯಾಕ್ಸಿ ಆ್ಯಪ್ ಚಾಲಕರಿಗೆ ಇರುವ ಖಾತರಿಯ ಲೆಕ್ಕದಲ್ಲಿ ಟಿಪ್ಸನ್ನು ಸೇರಿಸುವಂತಿಲ್ಲ. ಆ ಖಾತರಿಯಾದರೂ ಎಂಥದ್ದು! ಉಬರ್, ಲಿಫ್ಟ್ ಮೊದಲಾದ ಕಂಪನಿಗಳು 20 ಕೋಟಿ ಡಾಲರಿಗೂ ಮಿಕ್ಕಿ ಸುರಿದು 2020ರ ನವೆಂಬರಿನಲ್ಲಿ ಗೆದ್ದುಕೊಂಡ ಪ್ರೊಪೊಸಿಷನ್ 22ರ ಪ್ರಕಾರ ಚಾಲಕ ಉದ್ಯೋಗಿಯಲ್ಲ, ಸ್ವತಂತ್ರ ಗುತ್ತಿಗೆದಾರ. ಕನಿಷ್ಠ ಕೂಲಿಯ ನೂರಕ್ಕೆ 120ರಷ್ಟು ಸಿಗುತ್ತದೆ, ಆದರೆ ಕರೆಯನ್ನು ಒಪ್ಪಿಕೊಂಡ ಕ್ಷಣದಿಂದ ಪ್ರಯಾಣಿಕನನ್ನು ಇಳಿಸುವವರೆಗಿನ ಹೊತ್ತಿಗೆ ಮಾತ್ರ. ವಿಮಾನ ನಿಲ್ದಾಣದ ಕಾಯುವ ಜಾಗದಲ್ಲಿ ಕಳೆದ ಹೊತ್ತಿಗೆ ಕಾಸಿಲ್ಲ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 2024ರ ಜುಲೈಯಲ್ಲಿ ಇದನ್ನು ಎತ್ತಿಹಿಡಿಯಿತು. ನ್ಯೂಯಾರ್ಕ್ ನಗರ 2019ರಿಂದ ನಿಗದಿಪಡಿಸಿದ ಕನಿಷ್ಠ ದರದಲ್ಲಿ ಖಾಲಿ ಕಾರಿನ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಭೈರವಿ ದೇಸಾಯಿಯವರ ಟ್ಯಾಕ್ಸಿ ಕಾರ್ಮಿಕರ ಸಂಘ ಬೀದಿಯಲ್ಲಿ ನಿಂತು ಕೂಗಿದ ನಗರ ಅದು. ದಕ್ಷಿಣ ಏಷ್ಯಾದ ಸಾವಿರಾರು ಚಾಲಕರ ದನಿ ಆ ಕೂಗಿನಲ್ಲಿತ್ತು. ಟಿಪ್ಸನ್ನು ತಾತ್ವಿಕವಾಗಿ ವಿರೋಧಿಸುವ ಕನ್ನಡಿಗರಲ್ಲಿ ಎಷ್ಟು ಮಂದಿ 2020ರಲ್ಲಿ ಪ್ರೊಪೊಸಿಷನ್ 22ರ ವಿರುದ್ಧ ಒಂದು ಸಾಲು ಬರೆದರು? ವೀಸಾದಲ್ಲಿರುವವರಿಗೆ ಮತವಿಲ್ಲ, ಒಪ್ಪಬೇಕು. ಬರೆಯಲು ಮತದಾನದ ಹಕ್ಕು ಬೇಕಿಲ್ಲ.

ಊರಿಗೆ ಹೋದಾಗ ಇದೇ ಜನ ಇನ್ನೊಂದು ದೂರು ಹೊತ್ತು ತರುತ್ತಾರೆ: ಬೆಂಗಳೂರಿನಲ್ಲಿ ಹತ್ತುವ ಮೊದಲೇ ಟಿಪ್ಸ್ ಕೇಳುತ್ತಾರೆ! ನಿಜ. ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎಂಬ ಆಟೊ ನಿಲ್ದಾಣದ ಹಳೆಯ ಚೌಕಾಸಿಗೆ ಆ್ಯಪುಗಳು ‘ಮುಂಗಡ ಟಿಪ್ಸ್’ ಎಂದು ಮರುನಾಮಕರಣ ಮಾಡಿದವು. 2025ರ ಮೇ ತಿಂಗಳಲ್ಲಿ ಒಕ್ಕೂಟ ಸರ್ಕಾರದ ಗ್ರಾಹಕ ವ್ಯವಹಾರ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಇದನ್ನು ಅನೈತಿಕವೆಂದು ಖಂಡಿಸಿದರು. ಗ್ರಾಹಕ ರಕ್ಷಣಾ ಪ್ರಾಧಿಕಾರ ಉಬರಿಗೆ ನೋಟಿಸು ಕೊಟ್ಟಿತು. ಮೊದಲೇ ಕೊಟ್ಟದ್ದು ಟಿಪ್ಸ್ ಅಲ್ಲ ಎಂಬ ಮಾತು ಸರಿಯೇ, ಅದು ಹರಾಜು. ಆದರೆ ಆ ಖಂಡನೆಯಲ್ಲಿ ಕಂಡದ್ದು ಗ್ರಾಹಕ ಮಾತ್ರ. ಹೇಳಿದ ದರಕ್ಕೆ ಯಾವ ಚಾಲಕನೂ ಬರಲೊಪ್ಪದಿದ್ದರೆ ಆ ದರವೇ ಸುಳ್ಳು ಎಂದು ಯಾರೂ ಕೇಳಲಿಲ್ಲ. ಫ್ರೀಮಾಂಟಿನಲ್ಲಿ ಪ್ರಯಾಣ ಮುಗಿದ ಮೇಲೆ, ಬೆಂಗಳೂರಿನಲ್ಲಿ ಶುರುವಾಗುವ ಮೊದಲು. ಎರಡೂ ಕಡೆ ಕಂಪನಿ ತುಂಬದ ಹಳ್ಳವನ್ನು ಪ್ರಯಾಣಿಕನಿಗೂ ಚಾಲಕನಿಗೂ ತೋರಿಸಿ, ನೀವಿಬ್ಬರೇ ಬಗೆಹರಿಸಿಕೊಳ್ಳಿ ಎನ್ನಲಾಗುತ್ತಿದೆ.

ಅದೇ 2025ರಲ್ಲಿ ಕರ್ನಾಟಕ ತನ್ನ ಗಿಗ್ ಕಾರ್ಮಿಕರಿಗಾಗಿ ಒಂದು ಕಾಯ್ದೆ ಮಾಡಿತು. ಕಾರಣವನ್ನು ಬರೆದು ತಿಳಿಸದೆ, ಹದಿನಾಲ್ಕು ದಿನ ಮೊದಲು ನೋಟಿಸು ಕೊಡದೆ ಕಾರ್ಮಿಕನನ್ನು ತೆಗೆದುಹಾಕುವಂತಿಲ್ಲ. ಅವನ ಮೇಲೆ ಕಣ್ಣಿಟ್ಟು ತೀರ್ಮಾನ ಮಾಡುವ ಯಂತ್ರದ ಬಗೆ ಅವನಿಗೆ ತಿಳಿದಿರಬೇಕು. ಕಾಯ್ದೆಯಲ್ಲಿ ತೂತುಗಳಿಲ್ಲದಿಲ್ಲ. ಮೈಯಲ್ಲಿ ಹಠಾತ್ತನೆ ಕಾಣಿಸಿಕೊಂಡ ರೋಗ, ಮನೆಯಲ್ಲೊಂದು ಸಾವು ಇದ್ದರೂ ಹೊರಗೆ ದುಡಿಯಲೇಬೇಕಾದವನಿಗೆ ಅದು ಇನ್ನೂ ಬಹಳ ದೂರ. ಆದರೂ ಪ್ರಪಂಚಕ್ಕೆ ತಂತ್ರಾಂಶ ಬರೆದುಕೊಡುವ, ಉಬರಿನದೇ ತಾಂತ್ರಿಕ ಕಚೇರಿಯಿರುವ ಬೆಂಗಳೂರಿನಲ್ಲಿ, ಅಂಕ ಬಿದ್ದ ಮಾತ್ರಕ್ಕೆ ಮನುಷ್ಯನನ್ನು ಒಂದೇ ಬೆಳಿಗ್ಗೆ ಅಳಿಸಿಹಾಕುವಂತಿಲ್ಲ ಎಂಬ ಮಾತು ಕಾನೂನಾಗಿದೆ. ಮ್ಯಾಸಚೂಸೆಟ್ಸಿನ ಮತದಾರರು 2024ರ ನವೆಂಬರಿನಲ್ಲಿ ಆ್ಯಪ್ ಚಾಲಕರಿಗೆ ಸಂಘ ಕಟ್ಟುವ ಹಕ್ಕನ್ನು ಕೊಟ್ಟರು. ಬಾಸ್ಟನ್ನಿನ ಕನ್ನಡಿಗರು ಆ ಚಾಲಕರ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬರಬಹುದು. ಹೋಗುವಾಗ ಬಾಡಿಗೆ ಕಾರಿನಲ್ಲೇ ಹೋದರೂ ಅಡ್ಡಿಯಿಲ್ಲ.

ಫ್ರೀಮಾಂಟಿನ ಆ ಮನೆಯಲ್ಲಿ ಸೂಟ್‌ಕೇಸುಗಳು ಖಾಲಿಯಾಗಿವೆ. ಚಟ್ನಿಪುಡಿ ಡಬ್ಬಿ ಸೇರಿದೆ, ಪುಸ್ತಕಗಳು ಕಪಾಟು ಸೇರಿವೆ. ಪ್ರಯಾಣ ಮುಗಿದು ದಿನಗಳಾದ ಮೇಲೂ ಉಬರಿನ ಆ್ಯಪಿನಲ್ಲಿ ಹಳೆಯ ಪ್ರಯಾಣವನ್ನು ತೆರೆದು ಟಿಪ್ಸ್ ಸೇರಿಸಬಹುದು.