ಉಂಗುರ ಕೇಳುವ ಕಾರು

ಎಂಜಿನ್ ಒಂದೆರಡು ಕ್ಷಣ ಗುಡುಗಿ ನಿಂತುಬಿಡುತ್ತದೆ; ಮುಂದಿನ ಫಲಕದಲ್ಲಿ ಕೀಲಿಕೈಯ ಚಿತ್ರವುಳ್ಳ ದೀಪವೊಂದು ಮಿನುಗುತ್ತದೆ. ಯಜಮಾನರು ಪೆಟ್ರೋಲನ್ನು ಶಪಿಸುವರು. ದೋಷವೋ, ಅನೇಕ ವೇಳೆ ಅವರ ಕೈಯಲ್ಲೇ ಇರುತ್ತದೆ!

ಇಂದಿನ ಕೀಲಿಕೈಯ ತಲೆಯೊಳಗೆ ಪುಟ್ಟ ಚಿಪ್ ಒಂದು ಅಡಗಿದೆ. ಬೀಗದ ಸುತ್ತಲಿನ ತಂತಿಯ ಸುರುಳಿ ಅದಕ್ಕೆ ಶಕ್ತಿಯಿತ್ತು ಗುರುತು ಕೇಳುತ್ತದೆ. ಗುರುತು ಹೊಂದದಿದ್ದರೆ, ಉಂಗುರ ಕಾಣದ ದುಷ್ಯಂತ ಶಕುಂತಲೆಯನ್ನು ಅರಿಯದಂತೆ, ಎಂಜಿನ್ ತನ್ನ ಒಡೆಯನನ್ನೇ ಅರಿಯದು. ಯೂರೋಪಿನ ಒಕ್ಕೂಟದಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಇಂತಹ ಕಾವಲು ಕಡ್ಡಾಯವಾಗಿದೆ.

ಮೊದಲು ಆ ಕೀಲಿಕೈಯನ್ನು ಗೊಂಚಲಿನಿಂದ ಬಿಡಿಸಿ ನೋಡಿ. ಮತ್ತೊಂದು ಕಾರಿನ ಕೀಲಿಕೈ ಪಕ್ಕದಲ್ಲಿ ತೂಗುತ್ತಿದ್ದರೆ ಎರಡರ ಉತ್ತರವೂ ಕಲಸಿಹೋದೀತು. ಅನಂತರ ಮನೆಯಲ್ಲಿರುವ ಎರಡನೆಯ ಕೀಲಿಕೈಯನ್ನು ತಿರುಗಿಸಿ. ಕಾರು ಹೊರಟಿತೆ? ಕೆಟ್ಟದ್ದು ಮೊದಲನೆಯದು. ಎರಡೂ ಸೋತರೆ ಕಾರಿನ ಬ್ಯಾಟರಿಯ ಬಲವನ್ನೂ ಸುರುಳಿಯನ್ನೂ ಪರೀಕ್ಷಿಸಬೇಕು. ಬಾಗಿಲು ತೆರೆಯುವ ಗುಂಡಿಯ ಸೆಲ್ ಬದಲಿಸಿ ಸಮಾಧಾನಪಡುವವರುಂಟು. ಈ ಚಿಪ್ಪಿಗೆ ಆ ಸೆಲ್ಲಿನ ಹಂಗೇ ಇಲ್ಲ.

ಬೀದಿಬದಿಯಲ್ಲಿ ಅರದಿಂದ ಉಜ್ಜಿಸಿದ ಬರಿಯ ಲೋಹದ ನಕಲು ಬಾಗಿಲನ್ನು ತೆರೆದೀತು, ಎಂಜಿನ್ನನ್ನು ನಡೆಸದು. ಆದುದರಿಂದ ಒಂದು ಕೀಲಿಕೈ ಕಳೆದ ವಾರವೇ ಇನ್ನೊಂದನ್ನು, ಗುರುತುಸಹಿತ, ಮಾಡಿಸಿಡಿ. ಎರಡೂ ಹೋದಮೇಲೆ ಕಾರನ್ನೇ ಎಳೆಸಿಕೊಂಡು ಹೋಗಬೇಕಾದೀತು.