ತಂತಿ ಇದ್ದೂ ಏಕೆ ನಿಧಾನ?

ಮಹಡಿಯ ಮೇಲಿನ ಕೋಣೆಗೆ ವೈ-ಫೈ ಸರಿಯಾಗಿ ಸಿಗುವುದಿಲ್ಲವೆಂದು ಇನ್ನೊಂದು ಪೆಟ್ಟಿಗೆ ತಂದು ಹಾಕುತ್ತೇವೆ. ಮೇಲೆ ಮೊಬೈಲುಗಳೇನೋ ಚೆನ್ನಾಗಿ ಓಡುತ್ತವೆ. ಆದರೆ ಅಂದಿನಿಂದ ಕೆಳಗೆ ತಂತಿಯಲ್ಲಿ ಜೋಡಿಸಿದ್ದ ಕಂಪ್ಯೂಟರು ತೆವಳತೊಡಗುತ್ತದೆ. ಮಗಳು ಕಾಲೇಜಿನ ಅರ್ಜಿ ತುಂಬಿ ಕೊನೆಯ ಗುಂಡಿ ಒತ್ತಿದರೆ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ಗಾಳಿಯಲ್ಲಿ ಸಾಗುವ ವೈ-ಫೈ ತಂತಿಯನ್ನು ಹೇಗೆ ಕೆಡಿಸೀತು?

ರೇಡಿಯೊ ಅಲೆ ತಂತಿಯೊಳಗೆ ನುಗ್ಗುತ್ತದೆಂಬುದು ಹಲವರ ಊಹೆ. ಕೇಬಲಿನೊಳಗಿನ ಎಳೆಗಳನ್ನು ಜೋಡಿ ಜೋಡಿಯಾಗಿ ಹೆಣೆದಿರುವುದೇ ಅಂಥ ಗದ್ದಲ ತಡೆಯಲು. ದೋಷವನ್ನು ಹುಡುಕಬೇಕಾದುದು ಪೆಟ್ಟಿಗೆ ಮತ್ತು ತಂತಿ ಕೂಡುವ ಕಡೆ.

ಪ್ರಯೋಗಶಾಲೆಯಲ್ಲಿ ಮಾಡುವಂತೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೊದಲು ಮೊಬೈಲುಗಳ ವೈ-ಫೈ ಎಲ್ಲ ನಿಲ್ಲಿಸಿ, ಕಂಪ್ಯೂಟರಿನಲ್ಲಿ ವೇಗ ಅಳೆಯಿರಿ. ವೇಗ ಮರಳಿತೆ? ಹಾಗಿದ್ದರೆ ಮೊಬೈಲುಗಳು ಇಂಟರ್ನೆಟ್ಟನ್ನು ಹಂಚಿಕೊಳ್ಳುತ್ತಿದ್ದವು, ಅಷ್ಟೆ. ಮರಳದಿದ್ದರೆ ಹೊಸ ಪೆಟ್ಟಿಗೆಗೆ ಹೋಗುವ ಕೇಬಲನ್ನು ಕೆಳಗಿನ ತುದಿಯಲ್ಲಿ ಕೀಳಿ. ಈಗ ಸರಿಹೋದರೆ ಕಳ್ಳ ಆ ಕೇಬಲಿನಾಚೆ ಇದ್ದಾನೆ.

ತುಂಬ ಸ್ವಾರಸ್ಯವಾದ ಕಾರಣ ಸುತ್ತುದಾರಿ. ಕೆಲವು ಪೆಟ್ಟಿಗೆಗಳು ಮುಖ್ಯ ರೂಟರಿನೊಡನೆ ಗಾಳಿಯಲ್ಲೇ ಮಾತಾಡುತ್ತವೆ. ಭದ್ರವಾಗಿರಲೆಂದು ನಾವು ಕೇಬಲನ್ನೂ ಎಳೆದರೆ ಎರಡು ದಾರಿ ಸೇರಿ ಉಂಗುರವಾಗುತ್ತದೆ. ಕಂಪ್ಯೂಟರುಗಳು ಆಗಾಗ 'ಈ ವಿಳಾಸ ಯಾರದು?' ಎಂದು ಮನೆಗೆಲ್ಲ ಕೂಗಿ ಕೇಳುತ್ತವೆ. ಸ್ವಿಚ್ಚು ಆ ಕೂಗನ್ನು ಬಂದ ಬಾಗಿಲು ಬಿಟ್ಟು ಉಳಿದೆಲ್ಲ ಬಾಗಿಲಿಗೂ ದಾಟಿಸುತ್ತದೆ. ಉಂಗುರದಲ್ಲಿ ಅದು ಸುತ್ತಿ ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಇಂಟರ್ನೆಟ್ಟಿನ ಐಪಿ ಪೊಟ್ಟಣಕ್ಕೆ ಆಯುಸ್ಸಿನ ಅಂಕಿಯಿದೆ. ಪ್ರತಿ ರೂಟರೂ ಅದರಿಂದ ಒಂದು ಕಳೆಯುತ್ತದೆ, ಸೊನ್ನೆಯಾದರೆ ಎಸೆಯುತ್ತದೆ. ಈಥರ್ನೆಟ್ಟಿನ ಕಟ್ಟಿಗೆ ಅಂಥ ಅಂಕಿ ಇಲ್ಲ, ಅದಕ್ಕೆ ಮುಪ್ಪೇ ಇಲ್ಲ! ಹೀಗೆ ಕೂಗುಗಳೇ ತುಂಬಿ ತಂತಿಯಲ್ಲಿ ಬೇರೆಯವರಿಗೆ ಜಾಗವಿರುವುದಿಲ್ಲ. ಯಾರೂ ಬಳಸದ ನಡುರಾತ್ರಿಯಲ್ಲೂ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಎಡೆಬಿಡದೆ ಮಿನುಗುತ್ತಿದ್ದರೆ ಅನುಮಾನಪಡಿ.

ಇದಕ್ಕೆ ಮದ್ದು ಹುಡುಕಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದಾಗ 1985ರಲ್ಲಿ ಅವರು ಪ್ರಕಟಿಸಿದ ಉಪಾಯದಂತೆ ಪೆಟ್ಟಿಗೆಗಳು ತಮ್ಮಲ್ಲೇ ಮಾತಾಡಿಕೊಂಡು ಹೆಚ್ಚಿನ ದಾರಿಯನ್ನು ಮುಚ್ಚುತ್ತವೆ. ಉಂಗುರ ಹೋಗಿ ಮರದ ಕೊಂಬೆಗಳ ರೂಪ ಉಳಿಯುತ್ತದೆ. ಮನೆಬಳಕೆಯ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಈ ಜಾಣತನ ಇರುವುದಿಲ್ಲ. ಅಲ್ಲಿ ಎರಡರಲ್ಲೊಂದು ದಾರಿಯನ್ನು ನಾವೇ ಕಡಿಯಬೇಕು.

ಉಂಗುರ ಕಾಣದಿದ್ದರೆ ಕೇಬಲು ನೋಡಿ. ಅದರಲ್ಲಿ 8 ಎಳೆ, ಅಂದರೆ 4 ಜೋಡಿ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ 2 ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಒಂದು ಎಳೆ ತುಂಡಾಗಿದ್ದರೆ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಕಂಪ್ಯೂಟರಿನ ತಂತಿ 100ರ ಹಳೆಯ ಪೆಟ್ಟಿಗೆಯ ಮೂಲಕವೇ ಹಾದುಹೋಗುತ್ತಿದ್ದರೂ ಇದೇ ಗತಿ. ನೀವು 300ರ ಯೋಜನೆಗೆ ಹಣ ಕಟ್ಟಿದರೂ ಸಿಗುವುದು ಸುಮಾರು 95. ಕಂಪನಿಯವರನ್ನು ಬೈಯುವ ಮೊದಲು ಕಂಪ್ಯೂಟರಿನ ನೆಟ್‌ವರ್ಕ್ ವಿವರದಲ್ಲಿ ಸಂಪರ್ಕದ ವೇಗ ಎಷ್ಟೆಂದು ಓದಿಕೊಳ್ಳಿ.

ಹಳೆಯ ರೂಟರನ್ನೇ ಎರಡನೆಯ ಪೆಟ್ಟಿಗೆಯಾಗಿ ಬಳಸುವವರಿಗೆ ಇನ್ನೊಂದು ಮಾತು. ವಿಳಾಸ ಹಂಚುವ ಯಜಮಾನ ಮನೆಗೆ ಒಬ್ಬನೇ ಇರಬೇಕು. ಹಳೆಯದರಲ್ಲಿ ಡಿಎಚ್‌ಸಿಪಿ ನಿಲ್ಲಿಸಿ, ಅದಕ್ಕೆ ಮುಖ್ಯ ರೂಟರಿಗಿಂತ ಬೇರೆಯಾದ ವಿಳಾಸ ಕೊಟ್ಟು, ಕೇಬಲನ್ನು ಲ್ಯಾನ್ ಕಿಂಡಿಗೇ ಸಿಕ್ಕಿಸಿ.