ಮಂತ್ರಿಯ ಮಂಚ ಬೇಡ, ಕುರ್ಚಿಯ ಲೆಕ್ಕ ಕೊಡಿ



ಬೆಂಗಳೂರಿನ ಯಾವ ಚಾನೆಲ್ ಹಾಕಿದ್ರೂ ಇದೇ ಗೋಳು. ಯಾವುದೋ ಮಂತ್ರಿಯ ಸಿಡಿ, ಯಾರದ್ದೋ ಆಡಿಯೋ. ಮಸುಕು ಮಾಡಿದ ಒಂದೇ ಚಿತ್ರ, ಬೆಳಗಿಂದ ರಾತ್ರಿವರೆಗೆ. ಕೇಳಿದ್ರೆ "ಜನಹಿತ" ಅಂತಾರೆ. ಸಿಕ್ಕಿಬಿದ್ದವರು "ಅದು ನನ್ನ ಖಾಸಗಿ ಬದುಕು" ಅಂತಾರೆ. ಎರಡನ್ನೂ ನಾವು ಹಾಗೇ ನುಂಗೋದಿಲ್ಲ.

2012ರ ಫೆಬ್ರವರಿ. ವಿಧಾನಸಭೆ ಕಲಾಪ ನಡೆಯುವಾಗಲೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದದ್ದು ಟಿವಿ ಕ್ಯಾಮೆರಾಕ್ಕೆ ಸಿಕ್ಕು, ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅದು ಖಾಸಗಿಯೇನ್ರಿ? ಸದನ ಜನರದ್ದು, ಸಮಯ ಜನರದ್ದು, ಸಂಬಳವೂ ಜನರದ್ದು. ತೋರಿಸಿದ್ದು ಸರಿ.

2021ರ ಮಾರ್ಚ್. ಸಿಡಿ ಪ್ರಕರಣದಲ್ಲಿ ಒಬ್ಬ ಸಚಿವರು ರಾಜೀನಾಮೆ ಕೊಟ್ಟ ಬೆನ್ನಿಗೇ ಇನ್ನೂ ಆರು ಸಚಿವರು ಕೋರ್ಟಿಗೆ ಓಡಿ, ತಮ್ಮ ಬಗ್ಗೆ ಮಾನಹಾನಿ ಸುದ್ದಿ ಬಾರದಂತೆ ತಡೆಯಾಜ್ಞೆ ತಂದರು. ಸುದ್ದಿ ಬರುವ ಮೊದಲೇ ಬಾಯಿಗೆ ಬೀಗ! ತಮಿಳುನಾಡಿನ ನಕ್ಕೀರನ್ ಪತ್ರಿಕೆಯ ಆಟೋ ಶಂಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿತ್ತು: ಸರ್ಕಾರವಾಗಲಿ ಅಧಿಕಾರಿಗಳಾಗಲಿ ಹೀಗೆ ಮುಂಚಿತವಾಗಿ ಪತ್ರಿಕೆಯ ಕೈ ಕಟ್ಟುವಂತಿಲ್ಲ, ಕರ್ತವ್ಯಕ್ಕೆ ಸಂಬಂಧಿಸಿದ ನಡತೆಗೆ ಖಾಸಗಿತನದ ಗುರಾಣಿ ಇಲ್ಲ. ಅದೇ ತೀರ್ಪು ಇನ್ನೊಂದನ್ನೂ ಹೇಳಿದೆ: ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಹೆಣ್ಣಿನ ಹೆಸರು ಬಯಲು ಮಾಡಬಾರದು. ಈ ಎರಡನೇ ಮಾತು ಯಾರಿಗೂ ನೆನಪಿಲ್ಲ.

2024ರಲ್ಲಿ ಹಾಸನದಲ್ಲಿ ಏನಾಯ್ತು? ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದವು, ಜೊತೆಗೆ ಹೆಣ್ಣುಮಕ್ಕಳ ಮುಖಗಳೂ. ತಪ್ಪು ಅಧಿಕಾರಸ್ಥನದ್ದು, ದಂಡ ಕಟ್ಟಿದವರು ಆ ಹೆಣ್ಣುಮಕ್ಕಳು.

ಬ್ಯಾಂಕಿನ ಕೌಂಟರಲ್ಲಿ ಕೂರುವ ನಾವು ಪ್ರತಿ ವೋಚರಿಗೂ ಕೇಳೋದು ಒಂದೇ: ಯಾವ ಖಾತೆಗೆ? ಇಲ್ಲೂ ಅದನ್ನೇ ಕೇಳ್ರಿ. ಸರ್ಕಾರಿ ದುಡ್ಡು ಖರ್ಚಾಯ್ತಾ? ಕುರ್ಚಿ ತೋರಿಸಿ ಹೆದರಿಸಿದ್ರಾ, ಕೆಲಸದ ಆಸೆ ಹುಟ್ಟಿಸಿದ್ರಾ? ಬ್ಲ್ಯಾಕ್‌ಮೇಲಿಗೆ ಬಗ್ಗಿ ಫೈಲಿಗೆ ಸಹಿ ಹಾಕಿದ್ರಾ? ಹೌದಾದ್ರೆ ಅದು ಸಾರ್ವಜನಿಕ ಖಾತೆ. ಮಾಧ್ಯಮ ಕೊನೇವರೆಗೂ ಬೆನ್ನು ಹತ್ತಲಿ. ಇಬ್ಬರು ವಯಸ್ಕರು ಒಪ್ಪಿ ನಡೆದದ್ದಾದ್ರೆ ಅದು ಅವರವರ ಮನೆ ವಿಷಯ. ಕ್ಯಾಮೆರಾ ಕೆಳಗಿಡಲಿ.

"ಶೀಲವಿಲ್ಲದವನು ನಾಡು ಆಳಬಹುದಾ?" ಅಂತ ಕೇಳೋರಿದ್ದಾರೆ. ಸರಿ, ಆದರೆ ಮತ ಹಾಕೋಕೆ ಮಂಚದ ಚಿತ್ರ ಯಾಕೆ ಬೇಕು? ಆ ಮಂಚದ ಸುದ್ದಿಯ ಗದ್ದಲದಲ್ಲಿ ಟೆಂಡರಿನ ಸುದ್ದಿ ಮುಚ್ಚಿಹೋದ್ರೆ ಲಾಭ ಯಾರಿಗೆ?

ಅಂಥ ವಿಡಿಯೋ ನಿಮ್ಮ ಗ್ರೂಪಿಗೆ ಬಂದ್ರೆ ಫಾರ್ವರ್ಡ್ ಮಾಡ್ಬೇಡಿ, ಅಳಿಸಿ. ಚಾನೆಲ್‌ನವರಿಗೆ ಕಾಮೆಂಟ್ ಹಾಕೋದಾದ್ರೆ ಇಷ್ಟೇ ಕೇಳಿ: ತನಿಖೆ ಎಲ್ಲಿಗೆ ಬಂತು?